ಹಾಡಿನ ಎರಡನೇ ಚರಣ

ಮುತ್ತಿನಕೊಪ್ಪ
೬ ನವೆಂಬರ್ ೨೦೨೫, ಗುರುವಾರ

ಪ್ರೀತಿಯ ಮಗಳು ಮಲ್ಲಿಕಾಳಿಗೆ ನಿನ್ನ ಅಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆದು ಆಮೇಲೆ ಮುಂದಕ್ಕೆ ಹೋಗಬೇಕು, ಅದು ವಾಡಿಕೆ. ನಿನ್ನ ಅಪ್ಪ ಕ್ಷೇಮ, ಮಂಡಿಗೆ ಎಣ್ಣೆ ಹಚ್ಚಿಕೊಂಡು ಊರೆಲ್ಲ ತಿರುಗುತ್ತಾರೆ. ಬೆಕ್ಕು ಮೂರು ಮರಿ ಹಾಕಿದೆ, ಅವೂ ಕ್ಷೇಮ. ನಾನೊಬ್ಬಳು ಮಾತ್ರ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ನೀನು ಕೇಳಿದ್ದಕ್ಕೆ ಉತ್ತರ ಕೊಡದೆ ಒಂದು ತಿಂಗಳು ತಳ್ಳಿದೆ, ತಪ್ಪು ನನ್ನದೇ. ಮೊದಲ ಸಲ ಗಂಟಲು ಕೆಟ್ಟಿದೆ ಅಂದೆ, ಆಮೇಲೆ ಹಾಡು ಮರೆತುಹೋಗಿದೆ ಅಂದೆ, ಮೊನ್ನೆ ಫೋನಿನಲ್ಲಿ ಚಾರ್ಜ್ ಇಲ್ಲ ಎಂದು ಇಟ್ಟೇಬಿಟ್ಟೆ. ಮೂರೂ ಸುಳ್ಳು.

ಈ ಕಾಲದಲ್ಲಿ ಕಾಗದ ಯಾಕೆ ಎಂದು ನಗಬೇಡ. ನಿನ್ನ ಫೋನನ್ನು ಹತ್ತರಲ್ಲಿ ಎಂಟು ಸಲ ಎತ್ತುವವನು ನಿನ್ನ ಕಾರ್ಯಕ್ರಮಗಳನ್ನು ನೋಡಿಕೊಳ್ಳುವ ಆ ಪ್ರಶಾಂತ. ಮಲ್ಲಿ ರೆಕಾರ್ಡಿಂಗಿನಲ್ಲಿದ್ದಾಳೆ ಅಮ್ಮ, ಆಮೇಲೆ ಮಾಡಿಸುತ್ತೇನೆ ಎನ್ನುತ್ತಾನೆ. ಪಾಪ, ಒಳ್ಳೆಯ ಹುಡುಗನೇ. ಆದರೆ ನಾನು ಹೆತ್ತ ಮಗಳ ಹತ್ತಿರ ಮಾತಾಡಲು ಅವನ ಹತ್ತಿರ ಚೀಟಿ ತೆಗೆದುಕೊಂಡ ಹಾಗಾಗುತ್ತದೆ. ನೀನೇ ಎತ್ತಿದರೂ ಸ್ಪೀಕರಿಗೆ ಹಾಕಿಕೊಂಡು ತಲೆಗೆ ಬಣ್ಣ ಹಚ್ಚಿಸಿಕೊಳ್ಳುತ್ತಿರುತ್ತೀ. ನಾನು ಹೇಳಬೇಕಾದದ್ದು ಸ್ಪೀಕರಿಗೆ ಹಾಕುವಂಥದ್ದಲ್ಲ. ಅದಕ್ಕೇ ಏಳನೇ ಕ್ಲಾಸಿನವರೆಗೆ ಓದಿದ ಕೈಗೆ ಕೆಲಸ ಕೊಟ್ಟಿದ್ದೇನೆ.

ನೀನು ಕೇಳಿದ್ದು ನನಗೆ ಸರಿಯಾಗಿ ಅರ್ಥವಾಗಿದೆಯೋ ಇಲ್ಲವೋ ನೋಡು. ಹೋದ ವರ್ಷ ನಿನ್ನ ‘ಏಳೋ ಏಳೋ’ ಬಂತು. ಒಂದೇ ತಿಂಗಳಲ್ಲಿ ನೀನು ಎಲ್ಲರ ಬಾಯಲ್ಲೂ ಇದ್ದೆ. ಅದಾದ ಮೇಲೆ ಮಾಡಿದ ಮೂರು ಹಾಡುಗಳನ್ನು ಯಾರೂ ಕೇಳಲಿಲ್ಲ. ಈಗ ನಿನ್ನ ಕಂಪನಿಯವರು ‘ಏಳೋ ಏಳೋ’ದ ಎರಡನೇ ಭಾಗ ಮಾಡೋಣ, ಹಳೆಯ ಹಾಡಿನ ಉಳಿದ ಚರಣ ತಂದುಕೊಡು, ಇಲ್ಲದಿದ್ದರೆ ಬೇರೆ ಹುಡುಗಿಯನ್ನು ನೋಡುತ್ತೇವೆ ಎಂದಿದ್ದಾರೆ. ಹಾಡು ನಿನ್ನ ಅಮ್ಮನದು, ಚರಣವೂ ಅಮ್ಮನ ಹತ್ತಿರವೇ ಇರಬೇಕು ಎಂದು ಅವರ ಲೆಕ್ಕಾಚಾರ. ಬರುವ ಹದಿನಾರರ ಭಾನುವಾರ ನೀನು ಕ್ಯಾಮೆರಾದವರನ್ನು ಕರೆದುಕೊಂಡು ಬರುತ್ತೀ. ನಾನು ಗದ್ದೆಯಂಚಿನಲ್ಲಿ ಹೊಸ ಸೀರೆ ಉಟ್ಟು ಕೂತು ಎರಡನೇ ಚರಣ ಹಾಡಬೇಕು, ಪಕ್ಕದಲ್ಲಿ ನೀನು ಹುಡುಗಿಯರನ್ನು ಕಟ್ಟಿಕೊಂಡು ಕುಣಿಯಬೇಕು. ಇಷ್ಟೇ ತಾನೆ?

ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಹೋಗಿ ಒಲೆ ನೋಡಿ ಬಂದೆ. ಒಲೆಯ ಮೇಲೆ ಏನೂ ಇರಲಿಲ್ಲ.

ನಿನ್ನ ಕಷ್ಟ ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡ. ಬಾಳಗಡಿಯ ಕಾಲೇಜಿನಲ್ಲಿ ವಾರ್ಷಿಕೋತ್ಸವದ ದಿನ ಕರೆಂಟು ಹೋಗಿ ಮೈಕು ಸತ್ತರೂ ನೀನು ನಿಲ್ಲಿಸದೆ ಹಾಡಿ ಕುಣಿದೆಯಲ್ಲ, ಆವತ್ತೇ ನಿನ್ನ ಅಪ್ಪನಿಗೆ ಹೇಳಿದ್ದೆ, ಇವಳು ಇನ್ನು ನಮ್ಮ ಕೈಗೆ ಸಿಗುವುದಿಲ್ಲ ಎಂದು. ಆಮೇಲೆ ಶಿವಮೊಗ್ಗದ ಆರ್ಕೆಸ್ಟ್ರಾದಲ್ಲಿ ನಾಲ್ಕು ವರ್ಷ ಬೇರೆಯವರ ಹಾಡು ಹಾಡಿದೆ. ಕಾಲು ಉಳುಕಿದ್ದಾಗ ಬಟ್ಟೆ ಸುತ್ತಿಕೊಂಡು ಕುಣಿದದ್ದೂ ನನಗೆ ಗೊತ್ತು, ನೀನು ಮುಚ್ಚಿಟ್ಟಿದ್ದರೂ. ಪಕ್ಕದ ಮನೆ ವನಜಮ್ಮ ನಿನ್ನ ವೀಡಿಯೋ ನೋಡಿ, “ಎಂತ ಭೈರಮ್ಮ, ಮಗಳಿಗೆ ಒಂದು ಪೂರ್ತಿ ಬಟ್ಟೆ ಹೊಲ್ಸಿ ಕೊಡೋಕಾಗ್ಲಿಲ್ವಾ?” ಅಂದಳು. “ಅವ್ಳು ಕುಣಿಯೋದು ನೋಡು ಮಾರಾಯ್ತಿ, ಬಟ್ಟೆ ಅಳೆಯೋಕೆ ನೀನೇನು ದರ್ಜಿಯಾ?” ಅಂದೆ. ಅಂದಿನಿಂದ ಅವಳು ನಮ್ಮ ಮನೆಗೆ ಮೊಸರಿಗೆ ಬರುವುದನ್ನು ಬಿಟ್ಟಿದ್ದಾಳೆ. ನನಗೇನೂ ನಷ್ಟವಿಲ್ಲ.

ನಿನ್ನ ಕುಣಿತದ ಮೇಲೆ ನನಗೆ ಸಿಟ್ಟಿಲ್ಲ ಮಗಳೇ. ಸಿಟ್ಟು ಆ ಒಂದು ಹಾಡಿನ ಮೇಲೆ. ಅದು ನನ್ನನ್ನು ಅಟ್ಟಿಸಿಕೊಂಡು ಬರುತ್ತಿದೆ. ನರಸಿಂಹರಾಜಪುರಕ್ಕೆ ಹೋಗಲು ಬಸ್ಸು ಹತ್ತಿದರೆ ಡ್ರೈವರ್ ಅದನ್ನೇ ಹಾಕಿರುತ್ತಾನೆ, ನನ್ನನ್ನು ಕನ್ನಡಿಯಲ್ಲಿ ಕಂಡರೆ ಇನ್ನಷ್ಟು ಜೋರು ಮಾಡುತ್ತಾನೆ, ಗೌರವ ಕೊಡುತ್ತಿದ್ದೇನೆ ಎಂದು. ರೇಷನ್ ಅಂಗಡಿಯ ಸಾಲಿನಲ್ಲಿ ಯಾರದೋ ಫೋನು ಅದರಲ್ಲೇ ಹೊಡೆದುಕೊಳ್ಳುತ್ತದೆ. ಇದರ ಕಾಟ ಬೇಡ ಎಂದು ಹೋದ ತಿಂಗಳು ಒಬ್ಬಳೇ ಶೃಂಗೇರಿಗೆ ಹೋದೆ. ಹೊಳೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಮಂಡಕ್ಕಿ ಹಾಕುತ್ತಿದ್ದೆ. ಬೆಂಗಳೂರಿನ ಕಡೆಯ ನಾಲ್ಕು ಹೆಣ್ಣುಮಕ್ಕಳು ಬಂದು ಫೋನನ್ನು ಮೆಟ್ಟಿಲಿಗೆ ಒರಗಿಸಿಟ್ಟು ‘ಏಳೋ ಏಳೋ ನನ ರಾಜ’ ಎಂದು ಶುರುಮಾಡಿದರು. ಉಳಿದ ಮಂಡಕ್ಕಿಯನ್ನೆಲ್ಲ ಒಂದೇ ಸಲ ಸುರುವಿ ಬಸ್ ಸ್ಟ್ಯಾಂಡಿಗೆ ಬಂದುಬಿಟ್ಟೆ.

ಅದಾದರೂ ಸಹಿಸಿಕೊಂಡೆ. ಕೊಪ್ಪದಲ್ಲಿ ಆದದ್ದನ್ನು ನಿನಗೆ ಯಾರಾದರೂ ಬೇರೆ ಥರ ಹೇಳುವ ಮೊದಲು ನಾನೇ ಹೇಳುತ್ತೇನೆ. ಈಗ ನಾನು ಮದುವೆ ಅಡುಗೆಯವರ ಜೊತೆ ತರಕಾರಿ ಹೆಚ್ಚಲು ಹೋಗುತ್ತೇನೆ, ನಿನಗೆ ಗೊತ್ತಲ್ಲ. ಕಳೆದ ಭಾನುವಾರ ಒಂದು ಕಲ್ಯಾಣಮಂಟಪದಲ್ಲಿ ಮದುವೆ. ಊಟ ಮುಗಿಯುತ್ತಿದ್ದಂತೆ ನಿನ್ನ ಹಾಡು ಹಾಕಿದರು. ‘ಏಳೋ ಏಳೋ’ ಬಂದ ಕೂಡಲೇ ಕೂತವರೆಲ್ಲ ಹಾರಿ ಎದ್ದು ನಿಲ್ಲಬೇಕು, ನೀನು ವೀಡಿಯೋದಲ್ಲಿ ಕಲಿಸಿದ್ದೀಯಲ್ಲ. ಎಲ್ಲರೂ ಎದ್ದರು. ಎಲೆಯ ಮುಂದೆ ಕೂತಿದ್ದ ಒಬ್ಬ ಮುದುಕರೂ ಮೊಮ್ಮಗಳ ಕೈ ಹಿಡಿದು ಎದ್ದರು. ಅಷ್ಟರಲ್ಲಿ ಯಾರೋ, ಮಲ್ಲಿಯ ತಾಯಿ ಇಲ್ಲೇ ಅಡುಗೆಮನೆಯಲ್ಲಿದ್ದಾರೆ ಎಂದುಬಿಟ್ಟರು. ಮದುಮಗಳೇ ಬಂದು ಕೈ ಹಿಡಿದು ಎಳೆದುಕೊಂಡು ಹೋದಳು. ಹಾಡು ನಿಲ್ಲಿಸಿ ನನ್ನ ಕೈಗೆ ಮೈಕು ಕೊಟ್ಟು, ಒಂದೆರಡು ಸಾಲು ನಿಮ್ಮ ಬಾಯಲ್ಲೇ ಆಗಲಿ ಎಂದರು.

ನಾನು ಹಾಡಲಿಲ್ಲ. ಮೈಕನ್ನು ಮದುಮಗಳ ಕುರ್ಚಿಯ ಮೇಲಿಟ್ಟು ಹಿಂದಿನ ಬಾಗಿಲಿನಿಂದ ಹೊರಟುಬಿಟ್ಟೆ. ಬಸ್ಸಿನಲ್ಲಿ ಕೂತ ಮೇಲೆ ನೋಡಿದರೆ ಕೈಯಲ್ಲಿ ಅರ್ಧ ಹೆಚ್ಚಿದ ಸೌತೆಕಾಯಿ ಇತ್ತು. ಮಗಳು ಹೆಸರು ಮಾಡಿದ್ದಕ್ಕೆ ತಾಯಿಗೆ ಕೊಬ್ಬು ಬಂದಿದೆ ಎಂದು ಈಗ ಕೊಪ್ಪದಲ್ಲಿ ಮಾತು. ಅಡುಗೆಯವರು ಈ ವಾರ ಕರೆಯಲಿಲ್ಲ. ಆ ಹುಡುಗಿಯ ಮುಖ ನೆನೆದರೆ ಬೇಜಾರಾಗುತ್ತದೆ. ಅವಳು ಕೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ.

ಮನೆಗೆ ಬಂದು ನಿನ್ನ ಅಪ್ಪನಿಗೆ ಹೇಳಿದೆ. ಅವರು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಲೇ ಪೂರ್ತಿ ಕೇಳಿದರು. ಆಮೇಲೆ, “ಹುಡುಗಿ ಬದುಕು ಅದ್ರ ಮೇಲೆ ನಿಂತೈತೆ, ಒಂದ್ಸಲ ಹಾಡಿಬಿಡೇ” ಅಂದರು. ಹೌದೆಂದು ನಾನೂ ತಲೆಯಾಡಿಸಿದೆ. ಸಂಜೆ ಟೀವಿಯಲ್ಲಿ ಅದೇ ಹಾಡು ಬಂತು. ನನಗೆ ಹಾಡು ಅಂದವರು ತಾವೇ ಎದ್ದು ಹಿತ್ತಲಿಗೆ ಹೋಗಿ ಬೀಡಿ ಹಚ್ಚಿದರು. ಹಾಡು ಮುಗಿಯುವವರೆಗೆ ಒಳಗೆ ಬರಲಿಲ್ಲ. ಬಂದ ಮೇಲೆ, “ಅವ್ಳಿಗೆ ಹೇಳೋದಾದ್ರೆ ನೀನೇ ಹೇಳು, ನನ್ ಕೈಲಾಗಲ್ಲ” ಅಂದರು. ಹಾಗಾಗಿ ಈ ಕಾಗದ ನಾನು ಬರೆಯುತ್ತಿದ್ದೇನೆ.

ಮಲ್ಲಿಕಾ, ಭಾನುವಾರ ಬಾ. ಕ್ಯಾಮೆರಾದವರು ಬೇಡ, ಒಬ್ಬಳೇ ಬಾ. ಕೋಳಿ ಸಾರು ಮಾಡುತ್ತೇನೆ. ನನ್ನ ಹತ್ತಿರ ಬೇರೆ ಹಾಡುಗಳಿವೆ. ನಾಟಿಯ ದಿನಗಳಲ್ಲಿ ನಾನು ಮೊದಲು ಎತ್ತಿಕೊಡುತ್ತಿದ್ದೆ, ಇಪ್ಪತ್ತು ಹೆಂಗಸರು ಹಿಂದಿನಿಂದ ಹೇಳುತ್ತಿದ್ದರು. ಅತ್ತೆಯನ್ನು ಬೈಯುವ ಹಾಡಿದೆ, ಗಂಡ ಸಂತೆಯಲ್ಲಿ ಕಳೆದುಹೋದ ಹಾಡಿದೆ, ಎಮ್ಮೆಗೆ ಮದುವೆ ಮಾಡುವ ಹಾಡಿದೆ. ಕೇಳಿದರೆ ಸತ್ತವರೂ ನಗಬೇಕು. ಬೇಕಾದಷ್ಟು ತೆಗೆದುಕೊಂಡು ಹೋಗಿ ಅದಕ್ಕೆ ನಿನ್ನ ಡುಂ ಡುಂ ಹಾಕಿಸಿಕೋ, ನಾನು ಕೆಸರಿನಲ್ಲಿ ನಿಂತೇ ಹಾಡುತ್ತೇನೆ. ಅದು ಮಾತ್ರ ಕೇಳಬೇಡ. ನಿನ್ನ ಕಂಪನಿಯವರು ಒಪ್ಪದೆ ಹೋಗಬಹುದು. ನಿನ್ನ ಕೆಲಸ ನನ್ನಿಂದ ಹೋಯಿತು ಎಂದು ನೀನು ನನ್ನ ಹತ್ತಿರ ಮಾತು ಬಿಡಬಹುದು. ಆ ಹೆದರಿಕೆಗೇ ಒಂದು ತಿಂಗಳು ಸುಳ್ಳು ಹೇಳಿದ್ದು.

ಊಟ ಹೊತ್ತಿಗೆ ಸರಿಯಾಗಿ ಮಾಡು. ಕುಣಿದು ಬೆವರಿದ ಮೇಲೆ ಐಸ್ ನೀರು ಕುಡಿಯಬೇಡ. ನಿನ್ನ ಗಂಟಲಿಗೆ ಯಾರ ಕಣ್ಣೂ ತಾಗದಿರಲಿ, ನಿನ್ನ ಕಾಲು ದಣಿಯದಿರಲಿ, ಹೋದ ಕಡೆಯೆಲ್ಲ ನಿನ್ನನ್ನು ಪ್ರೀತಿಯಿಂದ ಕರೆಯುವವರು ಇರಲಿ.

ನಿನ್ನ ಅಮ್ಮ
ಭೈರಮ್ಮ

ವಿ. ಸೂ.: ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಕಾರಣ ಹೇಳದೆ ಬೇಡ ಎಂದರೆ ನೀನು ಒಪ್ಪುವವಳಲ್ಲ.

ನಿನ್ನ ಅಣ್ಣ ಅರುಣ ಜ್ವರದಲ್ಲಿ ಹೋದ ಎಂದು ನಿನಗೆ ಗೊತ್ತು. ಆಗ ನಾವು ಎಸ್ಟೇಟಿನಲ್ಲಿ ಕೂಲಿಯವರ ಲೈನ್ ಮನೆಯಲ್ಲಿದ್ದೆವು, ಅವನಿಗೆ ಆರು, ನಿನಗೆ ನಾಲ್ಕು ತುಂಬಿರಲಿಲ್ಲ. ನಮ್ಮಲ್ಲಿ ಹೋದವರ ತಲೆಯ ಹತ್ತಿರ ಕೂತು ಹೆಂಗಸರು ಹಾಡಿಕೊಂಡು ಅಳುತ್ತಾರೆ, ನೀನೂ ನೋಡಿದ್ದೀ. ಅಲ್ಲಿ ಬಾಯಿಗೆ ಬಂದ ಹಾಡನ್ನು ಅಲ್ಲಿಯೇ ಬಿಟ್ಟು ಏಳಬೇಕು, ಮನೆಯೊಳಗೆ ಮತ್ತೆ ಹಾಡಬಾರದು. ಅವತ್ತು ಬೆಳಿಗ್ಗೆ ನಾನು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಏಳೋ ಏಳೋ ನನ ರಾಜ, ಬಿಸಿಲು ಬಾಗಿಲಿಗೆ ಬಂತು, ಎದ್ದು ಅಂಗಳದಾಗೆ ಕುಣಿ ಬಾರೋ ಎಂದೆ. ನೀನು ನನ್ನ ಬೆನ್ನಿಗೆ ಜೋತುಬಿದ್ದು ಕೇಳುತ್ತಿದ್ದೆ. ಅಮ್ಮ ಅಣ್ಣನನ್ನು ಎಬ್ಬಿಸುತ್ತಿದ್ದಾಳೆ ಎಂದೇ ನೀನು ತಿಳಿದೆ. ಆಮೇಲೆ ನಾನು ಹಾಸಿಗೆ ಬಿಟ್ಟು ಏಳದ ದಿನಗಳಲ್ಲಿ ನೀನೇ ನನ್ನ ಕೆನ್ನೆ ತಟ್ಟಿ ಅದನ್ನೇ ಹಾಡಿ ನನ್ನನ್ನು ಎಬ್ಬಿಸಿದೆ. ಹಾಡಬಾರದು ಎನ್ನಲು ನನಗೆ ಬಾಯಿ ಬರಲಿಲ್ಲ. ದೊಡ್ಡವಳಾದ ಮೇಲೆ ಇದು ಎಂತ ಹಾಡು ಅಮ್ಮ ಎಂದು ಕೇಳಿದೆ. ನಾಟಿ ಹಾಡು ಎಂದೆ. ನಿನ್ನದೇನೂ ತಪ್ಪಿಲ್ಲ.

ನೀನು ಏಳೋ ಎಂದರೆ ಊರಿಗೆ ಊರೇ ಎದ್ದು ನಿಲ್ಲುತ್ತದೆ. ಅದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ತಾಯಿಯಾದವಳು ಹೀಗೆ ಬರೆಯಬಾರದು, ಆದರೂ ನಿಜ.

ಎರಡನೇ ಚರಣವನ್ನು ನಾನು ಬಚ್ಚಿಟ್ಟುಕೊಂಡಿಲ್ಲ ಮಗಳೇ. ಅಷ್ಟು ಹಾಡುವ ಹೊತ್ತಿಗೆ ನಿನ್ನ ಅಪ್ಪ ಅವನನ್ನು ನನ್ನ ತೊಡೆಯಿಂದ ಎತ್ತಿಕೊಂಡು ಹೋದರು.