ಉಣ್ಣದೇ ಹೋದ ಸೋದರಮಾವನಿಗೆ

ಪ್ರೀತಿಯ ಮಾವ,

ಇಜೇರಿಯಿಂದ ಹವಳಗಾಕ್ಕೆ ಕಬ್ಬಿನ ಲಾರಿ ಹೊಡೆಯುವಾಗ ನಿನಗೆ ಒಂದು ದಿನವೂ ಹೊಟ್ಟೆ ಕೆಡುತ್ತಿರಲಿಲ್ಲ, ನೆನಪಿದೆಯಾ? ಢಾಬಾದಲ್ಲಿ ಏನು ತಿಂದರೂ ದಕ್ಕುತ್ತಿತ್ತು. ನಾಲ್ಕು ಜನರ ಮುಂದೆ ನಿಲ್ಲಬೇಕೆಂದರೆ ಮಾತ್ರ ನೀನು ಬಯಲಿಗೆ ಓಡಲು ನೀರಿನ ಚರಿಗೆ ಹುಡುಕುತ್ತಿದ್ದೆ. "ಮಾಮಾನ ಲಾರಿಗಿ ಬ್ರೇಕ್ ಅದ, ಹೊಟ್ಟಿಗಿಲ್ಲ" ಅಂತ ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನೇ. ನೀನೂ ನಗುತ್ತಿದ್ದೆ. ಹಾಗಾಗಿ ಅದು ನಿನಗೆ ಸಂಕಟವೆಂದು ನನಗೆ ಹೊಳೆಯಲೇ ಇಲ್ಲ.

ನನ್ನ ಮದುವೆ ಗೊತ್ತಾದ ದಿನ ನೀನು ಅಡುಗೆಮನೆಗೆ ಬಂದು ಮೆಲ್ಲಗೆ ಹೇಳಿದ್ದೆ: "ಅಕ್ಷತಾ ಬೀಳೋ ಟೈಮಿಗಿ ನಿನ್ನ ಹಿಂದ ನಿಂದ್ರಾಕ ಸಣ್ಣ ಮಾಮಾಗ ಹೇಳಬೇ. ನನಗ ಆಗಂಗಿಲ್ಲ." ಮದುಮಗಳ ಹಿಂದೆ ಲಿಂಬೆಹಣ್ಣು ಚುಚ್ಚಿದ ಕತ್ತಿ ಹಿಡಿದು ನಿಲ್ಲುವುದು ಹಿರಿಯ ಸೋದರಮಾವನ ಮಾನ. ನಾನು ಬಿಡುತ್ತೇನೆಯೇ? "ನೀ ನಿಂದರಲಿಲ್ಲಂದ್ರ ನಾ ಹಸಿಮಣಿ ಮ್ಯಾಲ ಕೂಡಂಗಿಲ್ಲ, ನೋಡು!" ಅಂದೆ. ನೀನು ನಿಂತೆ. ಬೆವರುತ್ತಾ, ಹಲ್ಲು ಕಚ್ಚಿಕೊಂಡು, ಯಾರ ಮುಖವನ್ನೂ ನೋಡದೆ. ಅಕ್ಷತೆ ಬಿದ್ದದ್ದೇ ತಡ, ಕತ್ತಿಯನ್ನು ಯಾರ ಕೈಗೋ ಕೊಟ್ಟು ಹೊರಟುಹೋದೆ. ಉಣ್ಣಲೂ ಇಲ್ಲ.

ಖಜೂರಿಯ ಗಂಡನ ಮನೆಯಲ್ಲಿ ನಾನು ಕೇಳಿದ ಮೊದಲ ಮಾತೇ ಅದು: "ಸ್ವಂತ ಮಾಮಾನೇ ಉಣಲಾರ್ದ ಹೋದನಲ್ಲ, ನಮ್ಮದೇನ್ ಕಮ್ಮಿ ಆತಂತ?" ಆ ಸಿಟ್ಟನ್ನೆಲ್ಲ ನಿನ್ನ ಮೇಲೆ ಇಟ್ಟುಕೊಂಡೆ. ನಾಗರ ಪಂಚಮಿಗೆ ತವರಿಗೆ ಕರೆಯಲು ನೀನು ಬಂದಾಗಲೆಲ್ಲ ಚಹಾದ ಕಪ್ಪು ಇಟ್ಟು ಒಳಗೆ ಹೋಗುತ್ತಿದ್ದೆ. "ಇನ್ನಾ ಸಿಟ್ಟು ಇಳಿದಿಲ್ಲೇನಬೇ?" ಅಂತ ನೀನು ಹೊರಗಿನಿಂದ ಕೇಳುತ್ತಿದ್ದದ್ದು... ಒಂದು ಸಲವಾದರೂ ಉತ್ತರ ಕೊಟ್ಟಿದ್ದರೆ?

ನಿನ್ನ ಮಣ್ಣಿಗೆ ಬಂದ ದಿನ ಅತ್ತೆ, ನಿನ್ನ ಹೆಂಡತಿ, ನನ್ನ ಕೈ ಹಿಡಿದು ಹೇಳಿದಳು. "ನಿನ್ನ ಲಗ್ನದಾಗ ಭೇದಿ ನಿಲ್ಲೋ ಗುಳಿಗಿ ನುಂಗಿದ್ದ. ಒಂದಲ್ಲ, ಕೈಗೆ ಸಿಕ್ಕಷ್ಟು. ಮನಿಗಿ ಬರೂದ್ರಾಗ ಹೊಟ್ಟಿ ಉಬ್ಬಿ ಕಲ್ಲಾಗಿತ್ತು. ದವಾಖಾನಿಗಿ ಹಾಕಿದ್ವಿ. ಪಾರಿಗಿ ಹೇಳಬ್ಯಾಡ, ಅಳ್ತದ ಅಂದ." ನಾನು ಅಳುತ್ತೇನೆಂದು ನೀನು ಸುಮ್ಮನಿದ್ದೆ. ನಾನು ನಿನ್ನ ಮುಖ ನೋಡದೆ ವರ್ಷಗಳನ್ನು ಕಳೆದೆ. ನಾಚಿಕೆಯಾಗುತ್ತದೆ ಮಾವ.

ಆಳಂದದ ಡಾಕ್ಟರಮ್ಮನ ಹತ್ತಿರ ನನ್ನ ತಮ್ಮ ಶರಣುವನ್ನು ಕರೆದುಕೊಂಡು ಹೋಗಿದ್ದೆ. ಅವನದೂ ನಿನ್ನದೇ ಹೊಟ್ಟೆ. "ಕರುಳಿಗಿ ತನ್ನವೇ ನರ ಅವರಿ," ಅಂದರು ಆಕೆ. "ಮನಸ್ಸು ಅಂಜಿದ್ರ ಅದಕ್ಕ ಸುದ್ದಿ ಮುಟ್ಟತದ, ಓಡಾಕತ್ತದ. ಗುಳಿಗಿ ಓಟ ತಡೀತದ, ಅಂಜಿಕಿ ತಡಿಯಂಗಿಲ್ಲ. ಹೆಚ್ಚಿಗಿ ನುಂಗಿದ್ರ ಕರುಳು ಪೂರಾ ನಿಂತೇಬಿಡ್ತದ, ಎದಿಗೂ ಧೋಕಾ." ನಾನು ನಕ್ಕದ್ದು ನಿನ್ನ ಅಂಜಿಕೆಗೆ, ಹಟ ಹಿಡಿದದ್ದೂ ಅದರ ಮೇಲೆಯೇ ಅಲ್ಲವೇ?

ಮೊನ್ನೆ ನನ್ನ ಮಗಳು ಗೌರಿಯ ಮದುವೆಯಾಯಿತು. ಅವಳ ಹಿಂದೆ ಕತ್ತಿ ಹಿಡಿದು ನಿಂತವನು ಶರಣು. ಡಾಕ್ಟರಮ್ಮ ಹೇಳಿದ್ದಕ್ಕಿಂತ ಒಂದು ಗುಳಿಗೆಯನ್ನೂ ನಾನು ಹೆಚ್ಚಿಗೆ ಕೊಟ್ಟಿರಲಿಲ್ಲ. ಎಲ್ಲರ ಮುಷ್ಟಿಯಲ್ಲಿ ಅಕ್ಕಿ, ಅಯ್ಯನವರ ಮಂತ್ರ ಮುಗಿಯುತ್ತಾ ಬಂದಿತ್ತು. ಅಷ್ಟರಲ್ಲಿ ಅವನು ನನ್ನ ಕಡೆ ನೋಡಿದ. ಆ ಬೆವರು ನನಗೆ ಗೊತ್ತಿತ್ತು. ಕತ್ತಿಯನ್ನು ಇಸಿದುಕೊಂಡು, "ಹೋಗಿ ಬಾ, ತಮ್ಮಾ" ಅಂದೆ.

"ಮುಹೂರ್ತ ಮೀರತದ್ರೀ ಅವ್ವಾರ, ಮಾಮಾ ಎಲ್ಲಿ ಹೋದ್ರು?" ಅಂದರು ಅಯ್ಯನವರು.

"ಹೊಟ್ಟಿ ಕೆಟ್ಟದ್ರಿ, ಬರ್ತಾನ. ಅವ ಬರೋತನಕ ಅಕ್ಷತಾ ಇಲ್ಲ."

ಯಾರೋ ಕಿಸಕ್ಕನೆ ನಕ್ಕರು. ನಾನು ಆ ಕಡೆ ತಿರುಗಿ ನೋಡಿದೆ, ನಗು ನಿಂತಿತು. ಮಂಟಪಕ್ಕೆ ಮಂಟಪವೇ ಅಕ್ಕಿ ಹಿಡಿದುಕೊಂಡು ಕಾಯಿತು. ಶರಣು ಕೈ ಒರೆಸಿಕೊಳ್ಳುತ್ತಾ ಬಂದ, ಕತ್ತಿ ಹಿಡಿದ, ಅಕ್ಷತೆ ಬಿತ್ತು. ಆಕಾಶವೇನೂ ಕಳಚಿ ಬೀಳಲಿಲ್ಲ ಮಾವ. ಆಮೇಲೆ ಪಂಕ್ತಿಯಲ್ಲಿ ಕೂತು, ಹುಗ್ಗಿಯನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡ.

ನಾನೇ ನಿಂತು ಬಡಿಸಿದೆ. ಕಾಯುವುದು ಇಷ್ಟು ಸುಲಭವಿತ್ತು. ನಿನ್ನನ್ನು ಮಾತ್ರ ಉಪವಾಸ ಕಳಿಸಿಬಿಟ್ಟೆ.

ನಿನ್ನ ಸೋದರ ಸೊಸಿ,
ಪಾರಿ