ಬೆರಳು ತೆಗೆದ ಅಳತೆ

ಮಾರ್ಚ್ 3, ಬೆಳಗ್ಗೆ 11

ಇವತ್ತೂ ಟೇಪು ಕತ್ತಿನಲ್ಲೇ ಉಳಿದಿತ್ತು. ಟೈಲರ್ ಅಂಗಡಿಯಿಂದ ನೇರ ಐಸಿಯುಗೆ. ಯಾರ ಅಳತೆ ತಗೊಳ್ಳೋಕೆ ಬಂದಿರಿ ಯಜಮಾನರೇ ಎಂದು ವಾಚ್‌ಮನ್ ಕೇಳಿದ. ನಗು ಬಂತು, ಆರು ದಿನದಲ್ಲಿ ಮೊದಲ ಸಲ.

ಒಳಗೆ ಹತ್ತೇ ನಿಮಿಷ. ಹೆಂಡತಿ ವೆಂಟಿಲೇಟರ್ ಮೇಲೆ. ನ್ಯುಮೋನಿಯಾದ ಸೋಂಕು ರಕ್ತಕ್ಕೂ ಇಳಿದಿದೆಯಂತೆ. ಮಂಪರಿನ ಔಷಧಿ ಕೊಟ್ಟು ಮಲಗಿಸಿದ್ದಾರೆ. ಎಲ್ಲಿ ಮುಟ್ಟಲಿ? ಎಲ್ಲ ಕಡೆ ನಳಿಕೆ. ಎಡಗಾಲು ಮಾತ್ರ ಖಾಲಿ. ಕೈ ಸುಮ್ಮನಿರದೆ ಮೀನಖಂಡಕ್ಕೆ ಟೇಪು ಸುತ್ತಿದೆ. ಹದಿನಾಲ್ಕು ಇಂಚು.

ಇಪ್ಪತ್ತೆರಡು ವರ್ಷ ಮೆಷಿನ್ ತುಳಿದ ಕಾಲು. ನಾನು ಕತ್ತರಿ, ಅವಳು ಹೊಲಿಗೆ. ಮೋಟಾರು ಹಾಕಿಸೋಣ ಅಂದಾಗಲೆಲ್ಲ ಒಂದೇ ಮಾತು — "ಮತ್ತೆ ನನ್ನ ಕಾಲೇನು ಉಪ್ಪಿನಕಾಯಿ ಹಾಕೋಕಾ?"

ಮಾರ್ಚ್ 6

ಹದಿನಾಲ್ಕೂವರೆ. ಇಲ್ಲೂ ಟೇಪಿನಡಿ ಒಂದು ಬೆರಳು ಇಟ್ಟೇ ಅಳೆದೆ. ಅಭ್ಯಾಸ. ಬಟ್ಟೆ ಬಿಗಿಯಾಗಬಾರದಲ್ಲ. ಅವಳಿಗೆ ಅದೇ ಸಿಟ್ಟು. "ಗಿರಾಕಿಗೆ ಏನು ಬೇಕಾದ್ರೂ ಹೇಳ್ಕೊಳ್ಳಿ. ನಂಗೆ ಬೆರಳು ತೆಗೆದು ಹೇಳಿ. ಎಷ್ಟು ಸಡಿಲ ಬಿಡಬೇಕು ಅನ್ನೋದು ನಂಗೆ ಗೊತ್ತು."

ಮಾರ್ಚ್ 8, ಸಂಜೆ

ಹದಿನೈದೂಕಾಲು! ಎರಡು ಸಲ ಅಳೆದೆ. ಮೂಗಿನ ನಳಿಕೆಯಲ್ಲಿ ಹೋಗುವ ಆಹಾರ ಮೈಗೆ ಹಿಡಿಯುತ್ತಿದೆ. ಮೆಟ್ಟಿಲ ಮೇಲೆ ನಿಂತೇ ಅತ್ತಿಗೆಗೆ ಫೋನ್ ಮಾಡಿದೆ. ಅತ್ತಿಗೆ ಅತ್ತರು. ಅಂಗಡಿಗೆ ಬಂದ ಗಿರಾಕಿಗಳಿಗೂ ಹೇಳಿದೆ... ಹೊಟ್ಟೆ ತುಂಬ ಊಟ ಮಾಡಿದೆ ಇವತ್ತು.

ಮಾರ್ಚ್ 11

ಡಾಕ್ಟರಿಗೆ ಈ ಡೈರಿಯ ಅಂಕಿಗಳನ್ನು ತೋರಿಸಿದೆ, ಪರೀಕ್ಷೆಯಲ್ಲಿ ಪಾಸಾದವನ ಹಾಗೆ. ಅವರು ಓದಿದರು. ಕುರ್ಚಿ ತೋರಿಸಿದರು.

"ಇದು ನೀರು. ಊತ. ಒಳಗೆ ಸ್ನಾಯು ಕರಗ್ತಾ ಇದೆ."

ಇಷ್ಟು ದೊಡ್ಡ ಕಾಯಿಲೆಯಲ್ಲಿ ಹಾಗಾಗುತ್ತದಂತೆ. ಸೋಂಕೂ ತಿನ್ನುತ್ತದೆ, ಅಲುಗಾಡದೆ ಮಲಗುವುದೂ ತಿನ್ನುತ್ತದೆ. ಕಾಲು ಮಾತ್ರ ಅಲ್ಲ, ಉಸಿರಾಡುವ ಸ್ನಾಯು ಕೂಡ. ಔಷಧಿ ಕೇಳಿದೆ. ಇದಕ್ಕೆ ಅಂತ ಔಷಧಿ ಇಲ್ಲವಂತೆ. ಫಿಸಿಯೋ ಹುಡುಗಿ ದಿನಾ ಕೈಕಾಲು ಆಡಿಸುತ್ತಾಳೆ, ಅಷ್ಟೇ.

ಕೋಟಿನ ಭುಜಕ್ಕೆ ಪ್ಯಾಡ್ ಇಟ್ಟು ಬಡಕಲ ಗಿರಾಕಿಯನ್ನು ಪೈಲ್ವಾನ ಮಾಡುವವನು ನಾನು. ನನಗೇ ಪ್ಯಾಡು ಗೊತ್ತಾಗಲಿಲ್ಲ. ಅತ್ತಿಗೆಗೆ ಇನ್ನೂ ಹೇಳಿಲ್ಲ. ಬಾಯಿ ಬರುತ್ತಿಲ್ಲ.

ಮಾರ್ಚ್ 17

ಗಂಟಲಲ್ಲಿ ರಂಧ್ರ ಮಾಡಿ ನಳಿಕೆ ಅಲ್ಲಿಗೆ ಬದಲಾಯಿಸಿದ್ದಾರೆ. ಊತ ಇಳಿದಿದೆ. ಹನ್ನೆರಡೂಮುಕ್ಕಾಲು.

ಮಾರ್ಚ್ 18

ಹನ್ನೆರಡೂವರೆ.

ಮಾರ್ಚ್ 22

ಸೋಂಕು ಹೋಗಿದೆ, ಮಂಪರು ಬಿಟ್ಟಿದೆ! ಕಣ್ಣು ಬಿಟ್ಟಳು. ನನ್ನನ್ನು ನೋಡಿದಳು, ಗುರುತು ಹಿಡಿದಳು. ದೇವರು ಇದ್ದಾನೆ ಅಂದುಕೊಂಡೆ.

ಡಾಕ್ಟರ್ ಕೈ ಒತ್ತಲು ಹೇಳಿದರು. ಹುಬ್ಬು ಗಂಟಾಯಿತು, ಹಣೆ ಬೆವರಿತು. ಕೈ ಮಾತ್ರ ಹಾಸಿಗೆಯ ಮೇಲೆ ಯಾರೋ ಮರೆತುಹೋದ ವಸ್ತುವಿನಂತೆ ಬಿದ್ದಿತ್ತು. ವೆಂಟಿಲೇಟರ್ ತೆಗೆದು ನೋಡಿದರು. ನಲವತ್ತು ನಿಮಿಷ ತಾನೇ ಉಸಿರು ಎಳೆದಳು. ಮತ್ತೆ ಹಾಕಿದರು.

ರೋಗ ಹೋಯಿತಂತೆ. ಹೋಗುವಾಗ ಇವಳನ್ನೂ ಅಷ್ಟಿಷ್ಟು ಹೊತ್ತುಕೊಂಡು ಹೋಗಿದೆ. ಇನ್ನು ಅವಳು ತಾನೇ ಉಸಿರಾಡುವಷ್ಟು ಬಲ ಬರಬೇಕು. ಬರುತ್ತದಾ? ಕೇಳಿದೆ. "ಕೆಲವರಿಗೆ ತಿಂಗಳುಗಟ್ಟಲೆ ಬೇಕು" ಅಂದರು. ಉಳಿದವರ ಬಗ್ಗೆ ಕೇಳಲಿಲ್ಲ.

ಮಾರ್ಚ್ 24

ಅವಳ ಸ್ಟೂಲಿನಲ್ಲಿ ಕೂತು ಮೆಷಿನ್ ತುಳಿದೆ. ಹತ್ತು ನಿಮಿಷಕ್ಕೆ ನನ್ನ ಕಾಲು ಸೋತಿತು. ದಾರ ಗಂಟುಬಿತ್ತು. ಬಿಡಿಸದೆ ಎದ್ದೆ.

ಭಯ ಆಗುತ್ತಿದೆ. ಬರೆದರೆ ಕಡಿಮೆಯಾಗುತ್ತದೆ ಅಂದುಕೊಂಡಿದ್ದೆ, ಇಲ್ಲ.

ಮಾರ್ಚ್ 25, ಸಂಜೆ 5

ಇವತ್ತು ಇಪ್ಪತ್ತು ನಿಮಿಷ ಉಸಿರಾಡಿದಳಂತೆ, ಮೊದಲ ದಿನದ ಅರ್ಧ. ಸಿಸ್ಟರ್ ಮೆಲ್ಲಗೆ ಹೇಳಿದರು. ಅವಳಿಗೂ ಗೊತ್ತು, ಮುಖ ನೋಡಿದರೆ ತಿಳಿಯುತ್ತದೆ.

ಟೇಪು ಜೇಬಿನಲ್ಲೇ ಇಡಬೇಕಿತ್ತು. ಕೈ ತಾನಾಗಿ ಸುತ್ತಿತು. ಅವಳು ನೋಡುತ್ತಿದ್ದಳು. ಗಂಟಲ ನಳಿಕೆಯಿಂದ ದನಿ ಬರುವುದಿಲ್ಲ, ತುಟಿ ಮಾತ್ರ. ಎಷ್ಟು?

ಟೇಪಿನಡಿ ಒಂದಲ್ಲ, ಎಡಗೈಯ ಎರಡು ಬೆರಳು ಇಟ್ಟೆ. "ಹನ್ನೆರಡೂವರೆ" ಅಂದೆ. "ಪರವಾಗಿಲ್ಲ ಕಣೇ" ಅಂತ ಬೇರೆ ಅಂದೆ.

ಮತ್ತೆ ತುಟಿ ಆಡಿತು. ಬೆರಳು.

ಹಿಡಿದುಕೊಳ್ಳಲು ಕೇಳುತ್ತಿದ್ದಾಳೆ ಅಂದುಕೊಂಡೆ. ಎಡಗೈಯಲ್ಲಿ ಟೇಪು ಹಿಡಿದೇ, ಬಲಗೈ ಚಾಚಿ ಬೆರಳನ್ನು ಅವಳ ಅಂಗೈಯಲ್ಲಿಟ್ಟೆ. ಹಿಡಿಯಲಿಲ್ಲ. ಆಗಲಿಲ್ಲ. ಕಣ್ಣು ನನ್ನ ಎಡಗೈ ಮೇಲೇ ಇತ್ತು. ತುಟಿ ಇನ್ನೊಮ್ಮೆ, ನಿಧಾನವಾಗಿ, ದಡ್ಡನಿಗೆ ಹೇಳುವ ಹಾಗೆ — ಬೆರಳು ತೆಗೀರಿ.

ತೆಗೆದೆ. ಟೇಪು ಜಾರಿತು. ಎಳೆದೆ, ಇನ್ನೂ ಎಳೆದೆ. ಬಿಗಿಯಾದ ಕಡೆ ನೋಡಿದೆ. ಅವಳು ಕಾಯುತ್ತಿದ್ದಳು. ಹೇಳಿದೆ.

ಹತ್ತೂಮುಕ್ಕಾಲು.