ಉತ್ತರದ ಗ್ಯಾಲರಿ

ಶುಕ್ರವಾರ, ಮಧ್ಯಾಹ್ನದ ಊಟವಾದ ಮೇಲೆ

ನಗರದ ಮಾನ್ಯ ಮೇಯರ್ ಅವರಿಗೆ, ಅಂದರೆ ನಮ್ಮ ಮನೆಯ ಏಣಿಗೆ, ಅಕ್ಕನ ಪ್ರೀತಿಯ ನೆನಪುಗಳು.

ನಿನ್ನ ಕಚೇರಿಗೆ ಯಾವಾಗ ಫೋನ್ ಮಾಡಿದರೂ ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅನ್ನುತ್ತಾಳೆ ನಿನ್ನ ಸಹಾಯಕಿ. ಬುಧವಾರ ಶುರುವಾದ ಮೀಟಿಂಗು ಇನ್ನೂ ಮುಗಿದಿಲ್ಲ ಅಂದರೆ ಅದು ನಿನ್ನ ಕಾಲಿಗಿಂತ ಉದ್ದವೇ ಇರಬೇಕು. ಅದಕ್ಕೇ ಪತ್ರಕ್ಕೆ ಕೂತೆ. ನಿನ್ನ ಡ್ರೈವರ್ ಕೈಗೆ ಕೊಡುತ್ತೇನೆ, ನೇರ ನಿನ್ನ ಕೈಗೇ ಕೊಡುವುದಾಗಿ ಮಾತು ಕೊಟ್ಟಿದ್ದಾನೆ.

ಮೊನ್ನೆ ಭಾನುವಾರ ನೀನು ಊಟಕ್ಕೆ ಬಂದು ಹೋದಾಗಿನಿಂದ ನಮ್ಮ ಬೀದಿಯಲ್ಲಿ ನನ್ನ ತೂಕ ಏರಿದೆ. ಮೇಯರ್ ಆದರೂ ಎಷ್ಟು ವಿನಯ, ಬಾಗಿಲಲ್ಲಿ ತಲೆಬಾಗಿ ಒಳಗೆ ಹೋದರು ಅಂತ ಎದುರುಮನೆ ದರ್ಜಿಯ ಹೆಂಡತಿ ಕಣ್ಣೊರೆಸಿಕೊಂಡಳು. ಬಾಗದಿದ್ದರೆ ಚೌಕಟ್ಟು ಹಣೆಗೆ ಬಡಿಯುತ್ತಿತ್ತು ಅಂತ ನಾನು ಬಾಯಿಬಿಡಲಿಲ್ಲ. ಈ ಊರಿನ ಬಾಗಿಲುಗಳೆಲ್ಲ ಗಿಡ್ಡ. ಬ್ಯಾಸ್ಕೆಟ್‌ಬಾಲ್ ಚೆಂಡಾಟದಲ್ಲಿ ನೀನು ಗಳಿಸಿದ ಹೆಸರು ಅರ್ಧ, ಆ ಬಾಗಿಲುಗಳು ಅರ್ಧ, ಎರಡೂ ಸೇರಿ ನಿನ್ನನ್ನು ಗೆಲ್ಲಿಸಿದವು.

ಊಟಕ್ಕೆ ಕೂತಾಗ ನೀನು ಮಕ್ಕಳನ್ನು ನಗಿಸಿದೆ. ಅಮ್ಮನ ಮಂಡಿನೋವು ವಿಚಾರಿಸಿದೆ. ನನ್ನ ಸಪ್ಪೆ ಸಾರನ್ನು ಎರಡು ಸಲ ಹಾಕಿಸಿಕೊಂಡೆ, ಅಲ್ಲಿಗೇ ನನಗೆ ಅನುಮಾನ ಬರಬೇಕಿತ್ತು. ಆದರೆ ಅಷ್ಟು ಹೊತ್ತೂ ನಿನ್ನ ಭಾವನ ಮುಖವನ್ನು ಒಂದು ಸಲವೂ ನೋಡಲಿಲ್ಲ. ಪಾಪ, ಅವನಿಗೆ ಎಷ್ಟು ಸುಸ್ತು ನೋಡು ಅಂತ ಇವರು ನಿನಗಾಗಿ ಮರುಗಿದರು. ಪಾಲಿಕೆಯ ಎಂಜಿನಿಯರ್ ಅಲ್ಲವೆ, ಗೋಡೆ ಓದಲು ಬರುತ್ತದೆ, ಮುಖ ಓದಲು ಬರುವುದಿಲ್ಲ.

ನನಗೆ ಬರುತ್ತದೆ. ಮನೆ ಹಿಂದಿನ ಓಣಿಯಲ್ಲಿ ನೀನು ಎಡಕ್ಕೆ ನೋಡುತ್ತ ಬಲಕ್ಕೆ ಚೆಂಡು ಎಸೆಯುವುದನ್ನು ರೂಢಿ ಮಾಡಿಕೊಳ್ಳುವಾಗ ಆ ಬಲಗಡೆ ನಿಂತಿದ್ದವಳು ನಾನು. ನನ್ನ ಮೂಗು ಒಂಚೂರು ವಾರೆಯಾದದ್ದು ಆಗಲೇ. ಮುಂದೆ ನೀನು ದೊಡ್ಡ ಕ್ಲಬ್ಬು ಸೇರಿದಾಗ ಅದೇ ಎಸೆತಕ್ಕೆ ಜನ ಹುಚ್ಚೆದ್ದು ಚಪ್ಪಾಳೆ ಹೊಡೆದರು. ಈಗ ಪಾಲಿಕೆಯಲ್ಲೂ ನೀನು ಹಾಗೇ ಆಡುತ್ತೀಯಂತೆ. ಕಳೆದ ವರ್ಷ ದೊಡ್ಡ ಪೈಪು ಒಡೆದು ಮಾರುಕಟ್ಟೆ ಕೆರೆಯಾದಾಗ, ಸಭೆಯಲ್ಲಿ ಎಲ್ಲರ ಬೆನ್ನು ತಟ್ಟಿದ ನೀನು ನೀರಿನ ಅಧಿಕಾರಿಯ ಕಡೆ ಮಾತ್ರ ತಿರುಗಲಿಲ್ಲವಂತೆ. ಸಂಜೆಗೆ ಅವರ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು.

ಹೊಸ ಕ್ರೀಡಾಂಗಣದ ಉತ್ತರದ ಗ್ಯಾಲರಿಯ ಕೆಳಗೆ ತೊಲೆ ಬಿರುಕು ಬಿಟ್ಟಿದೆ, ಆಸರೆಗೆ ಕಂಬ ಕೊಡುವ ತನಕ ಅಲ್ಲಿ ಯಾರನ್ನೂ ಹತ್ತಿಸಬಾರದು ಅಂತ ಆ ಊಟದ ಹಿಂದಿನ ದಿನ ಇವರು ನಿನ್ನ ಸಭೆಯಲ್ಲಿ ಎದ್ದು ನಿಂತು ಹೇಳಹೊರಟರು. ನೀನು ಒಂದು ಅಂಗೈ ಅಡ್ಡ ಹಿಡಿದು, ಇನ್ನೊಂದು ಕೈಯ ಬೆರಳನ್ನು ಅದರ ಕೆಳಗೆ ಒತ್ತಿದೆ. ಟೈಮ್ ಔಟ್. ಆ ಸನ್ನೆ ಕಂಡರೆ ನಿನ್ನ ಸಭೆಯಲ್ಲಿ ಎಲ್ಲರೂ ಬಾಯಿ ಮುಚ್ಚಬೇಕಂತೆ. ಸದಸ್ಯರು ಅದನ್ನು ಮನೆಯಲ್ಲಿ ಹೆಂಡತಿಯರ ಮೇಲೂ ಪ್ರಯೋಗಿಸಿ ನೋಡಿ, ಏಟು ತಿಂದು ಬಿಟ್ಟಿದ್ದಾರೆ ಅಂತ ಸುದ್ದಿ. ನಿನ್ನ ಭಾವ ಮಾತ್ರ ಅರ್ಧ ವಾಕ್ಯ ನುಂಗಿಕೊಂಡು ಕೂತರು. ಉಳಿದರ್ಧವನ್ನು ಮನೆಗೆ ಬಂದು ನನಗೆ ಹೇಳಿದರು.

"ಕೂತಿದ್ರೆ ತಡೆಯುತ್ತೆ ಕಣೆ. ಎದ್ದು ಕುಣಿದ್ರೆ ತಡೆಯಲ್ಲ."

ಚೆಂಡಾಟ ನೋಡುತ್ತ ಕೂತೇ ಇರುವ ಮಕ್ಕಳನ್ನು ನೀನು ಎಲ್ಲಾದರೂ ಕಂಡಿದ್ದೀಯಾ?

ಎರಡು ದಿನ ಕಳೆಯುವುದರೊಳಗೆ ಇವರು ಉದ್ಘಾಟನಾ ಸಮಿತಿಯ ಅಧ್ಯಕ್ಷರಾದರು. ಕಟ್ಟಡದ ಸುರಕ್ಷತೆಯ ಪೂರ್ಣ ಹೊಣೆಯೂ ಇವರದೇ. ಗೋಡೆಯ ಕಲ್ಲಿನಲ್ಲಿ ಇವರ ಹೆಸರು ನಿನ್ನ ಹೆಸರಿಗಿಂತ ದಪ್ಪಗಿದೆ. ನಮ್ಮ ಮನೆಯ ಫಲಕದಲ್ಲೇ ನನ್ನ ಹೆಸರಿನ ಕೆಳಗೆ ಸಣ್ಣಗೆ ಬದುಕುತ್ತಿರುವ ಮನುಷ್ಯ, ತಬ್ಬಿಬ್ಬಾಗಿ ಇದ್ಯಾಕೆ ಅಂತ ಕೇಳಿದರೆ, ಸಾಹೇಬರಿಗೆ ಭಾವ ಅಂದರೆ ಅಷ್ಟು ಪ್ರೀತಿ ಅಂದಳಂತೆ ನಿನ್ನ ಸಹಾಯಕಿ.

ಆಗಲೂ ನಾನು ನಿನ್ನ ಪರವಾಗೇ ಯೋಚಿಸಿದೆ. ಅದು ಬರೀ ಗಾರೆಯ ಗೀರು ಅಂತ ಕಂಟ್ರಾಕ್ಟರ್ ನಿನ್ನ ಕಿವಿಯಲ್ಲಿ ಊದಿರಬೇಕು, ನೀನು ನಂಬಿರಬೇಕು ಅಂದುಕೊಂಡೆ. ಅಷ್ಟರಲ್ಲಿ, ನೀನೇ ಆಡುವ ಉದ್ಘಾಟನೆಯ ಮ್ಯಾಚಿನ ಪಾಸುಗಳು ಬಂದವು. ಅಮ್ಮನಿಗೆ, ನಿನ್ನ ಹೆಂಡತಿಗೆ, ಮಗಳಿಗೆ, ನನಗೆ, ಎಲ್ಲ ಸದಸ್ಯರ ಕುಟುಂಬಕ್ಕೆ ದಕ್ಷಿಣದ ಗ್ಯಾಲರಿ. ಉತ್ತರದ್ದು ಪೂರ್ತಿ ಶಾಲೆಯ ಮಕ್ಕಳಿಗೆ. ಆಗ ಗೊತ್ತಾಯಿತು. ಊರಿನಲ್ಲಿ ನಿನ್ನ ಭಾವನ ಮಾತನ್ನು ಅಕ್ಷರಶಃ ನಂಬಿದವನು ನೀನೊಬ್ಬನೇ.

ಬುಧವಾರ ಒಂದೇ ಒಂದು ಸಲ ಸಿಕ್ಕಿದೆಯಲ್ಲ, ಆಗ ಏನಂದೆ ನೆನಪಿದೆಯಾ?

"ಒಂದು ಮ್ಯಾಚು ಅಕ್ಕ, ಅಷ್ಟೆ. ಮುಂದಿನ ತಿಂಗಳು ಚುನಾವಣೆ. ಖಾಲಿ ಗ್ಯಾಲರಿ ಮುಂದೆ ನಾನು ಆಡಕ್ಕಾಗುತ್ತಾ?"

ಆಮೇಲೆ ಮುಚ್ಚಿಸಿ ರಿಪೇರಿ ಮಾಡಿಸುತ್ತೀನಿ ಅಂದೆ. ಭಾವನಿಗೆ ಏನೂ ಆಗದಂತೆ ನೋಡಿಕೊಳ್ಳುತ್ತೀನಿ ಅಂದೆ. ಮಕ್ಕಳ ಬಗ್ಗೆ ಏನಾದರೂ ಹೇಳುತ್ತೀಯೇನೋ ಅಂತ ಫೋನ್ ಹಿಡಿದೇ ಇದ್ದೆ. ನೀನು ಇಟ್ಟುಬಿಟ್ಟೆ.

ಇವರೀಗ ಕನ್ನಡಿ ಮುಂದೆ ನಿಂತು ಸ್ವಾಗತ ಭಾಷಣ ಬಾಯಿಪಾಠ ಮಾಡುತ್ತಿದ್ದಾರೆ. 'ಸುಭದ್ರ' ಅನ್ನುವ ಪದ ಬಂದಾಗಲೆಲ್ಲ ಕೆಮ್ಮು ಬರುತ್ತಿದೆ. ಭಾಷಣ ಮುಗಿಸಿ ಗ್ಯಾಲರಿಯ ಅಡಿಗೆ ಹೋಗಿ ನಿಲ್ಲುತ್ತಾರಂತೆ, ತೊಲೆ ಸದ್ದು ಮಾಡಿದರೆ ಗೊತ್ತಾಗುತ್ತದಂತೆ. ಗೊತ್ತಾದ ಮೇಲೆ ಏನು ಮಾಡುತ್ತೀರಿ ಅಂದೆ. ಟೈ ಸರಿಮಾಡಿಕೊಂಡರು. ಇಪ್ಪತ್ತು ಜನ ಹಿಡಿದೆಳೆದರೂ ಅಲ್ಲಿಂದ ಆಚೆ ಬರುವ ಜಾತಿಯಲ್ಲ ಅದು.

ಆಟ ನಾಳೆ ಸಂಜೆ. ಅಂದರೆ ನಿನಗೆ ಇನ್ನೂ ಒಂದು ಬೆಳಗು ಇದೆ. ಉತ್ತರದ ಬಾಗಿಲಿಗೆ ಬೀಗ ಹಾಕಿಸು. ಬಣ್ಣ ಒಣಗಿಲ್ಲ ಅನ್ನು. ನಿನ್ನ ಮಂಡಿ ಕೈಕೊಟ್ಟಿತು, ಆಟವೇ ಇಲ್ಲ ಅನ್ನು. ಜನ ನಕ್ಕರೆ ನಗಲಿ, ನಾನು ನಗುವುದಿಲ್ಲ. ನಿನ್ನನ್ನು ಆಡಿಕೊಳ್ಳುವುದನ್ನೇ ಆಜನ್ಮ ಕಸುಬು ಮಾಡಿಕೊಂಡವಳು ಇಷ್ಟು ಹೇಳುತ್ತಿದ್ದೇನೆ ಅಂದರೆ ಅರ್ಥ ಮಾಡಿಕೋ.

ನಿನ್ನ ಎದೆಯ ಮಟ್ಟಕ್ಕೂ ಬಾರದ,
ಅಕ್ಕ

ತಾ.ಕ.: ಒಂದು ಸಣ್ಣ ವಿಷಯ ಬಿಟ್ಟುಹೋಯಿತು. ನೀನು ಚೆಂಡು ಹಾಕುವ ಬುಟ್ಟಿ ಉತ್ತರದ ಕಡೆಯಿಂದ ಹತ್ತಿರ ಕಾಣುತ್ತದೆ ಅಂತ ಅಮ್ಮನಿಗೆ ನಾನೇ ಹೇಳಿದ್ದೆ. ಸರಿ, ಶಾಲೆಯ ಟೀಚರನ್ನು ಕಾಡಿ ಬೇಡಿ, ಅಮ್ಮ ತನ್ನ ಪಾಸನ್ನೂ ನಿನ್ನ ಮಗಳ ಪಾಸನ್ನೂ ಬದಲಾಯಿಸಿಕೊಂಡಿದ್ದಾಳೆ. ಮಕ್ಕಳ ನಟ್ಟನಡುವಿನ ಸಾಲು. ಅಜ್ಜಿ ಮೊಮ್ಮಗಳು ಇಬ್ಬರೂ ಹಿಗ್ಗಿ ಹೀರೇಕಾಯಿ ಆಗಿದ್ದಾರೆ. ನಿನಗೆ ಆಟದ ಹೊತ್ತಿನಲ್ಲೇ ಗೊತ್ತಾಗಬೇಕಂತೆ, ಅದಕ್ಕೇ ಗುಟ್ಟು. ಬಿರುಕಿನ ಸಂಗತಿ ಅವರಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಉಳಿದ ಮಕ್ಕಳ ಅಮ್ಮಂದಿರಿಗೂ ಯಾರೂ ಹೇಳಿಲ್ಲವಲ್ಲ.